ಇಂಜಿನ್ ಕೆಟ್ಟಿದೆ, ಯಾಕೆ ಹೇಳ್ರೀ!

ಇಂಜಿನ್ ಕೆಡೋದರಲ್ಲಿ ನನಗೆ ಯಾವತ್ತೂ ಆಶ್ಚರ್ಯ ಆಗಿಲ್ಲ. ಕಬ್ಬಿಣ ಅಂದಮೇಲೆ ಕೆಡತ್ತೆ, ಕೈ ಹಾಕಿದರೆ ಸರಿಯಾಗತ್ತೆ. ಆದರೆ ಕೆಟ್ಟ ಇಂಜಿನ್ ಬಗ್ಗೆ ಕೇಳೋಕೆ ಬರೋ ಜನ ಇದ್ದಾರಲ್ಲ, ಅವರನ್ನು ನೆನೆಸಿಕೊಂಡರೆ ಇವತ್ತಿಗೂ ಬೆರಗಾಗಿ ಕೂತುಬಿಡ್ತೀನಿ. ಶಿಕಾರಿಪುರದಲ್ಲಿ ನಾನು ಅಂಗಡಿ ಇಟ್ಟಷ್ಟು ಕಾಲವೂ ಇಂಥವು ನಡೀತಾನೇ ಇದ್ದವು. ಒಂದು ಮುಗೀತಪ್ಪಾ ಅನ್ನೋಷ್ಟರಲ್ಲಿ ಇನ್ನೊಂದು ಬಸ್ಸಿಳಿದು ಬರ್ತಿತ್ತು.

ಎಪ್ಪತ್ತರ ದಶಕದ ಮಾತು. ಪಂಪಿಗೆ, ಹಿಟ್ಟಿನ ಗಿರಣಿಗೆ ಅಂತ ಊರೂರಲ್ಲೂ ಡೀಸೆಲ್ ಇಂಜಿನ್ನುಗಳು ಬಂದು ಕೂತಿದ್ದವು. ನಾನು ಅವುಗಳ ಮೇಸ್ತ್ರಿ. ಒಂದು ವರ್ಷ ಮಹಾನವಮಿಗೆ ಸ್ವಲ್ಪ ಮುಂಚೆ ಯಾರದೋ ಬಾವಿಕಟ್ಟೆಯಿಂದ ಜಾರಿ ಬಿದ್ದು ಕಾಲು ಮುರ್ಕೊಂಡೆ. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ, "ದೀಪಾವಳಿ ಕಳೆಯೋ ತನಕ ಕದಲಬೇಡ. ಕದಲಿದೆಯೋ, ಆಮೇಲೆ ನನ್ನ ಕೇಳಬೇಡ" ಅಂದುಬಿಟ್ಟರು. ಸರಿ, ಅಂಗಡಿ ಮುಂದಿನ ಬೆಂಚಿನ ಮೇಲೆ ಕಾಲು ಚಾಚಿ ಕೂತೆ. ಇಂಜಿನ್ ನೋಡೋ ಹಂಗಿಲ್ಲ, ಮುಟ್ಟೋ ಹಂಗಿಲ್ಲ. ಜನ ಬಂದು ಕೇಳಬೇಕು, ನಾನು ಕೂತಲ್ಲಿಂದಲೇ ಹೇಳಬೇಕು. ನನ್ನ ಜೊತೆಗೆ ಪಕ್ಕದ ಸೈಕಲ್ ಶಾಪಿನವನು ಪುಕ್ಕಟೆ ಸಲಹೆಗಾರ. ಯಾರು ಏನೇ ಕೇಳಲಿ, ಅವನದು ಒಂದೇ ಉತ್ತರ: "ಹಳೇದು ಬಿಸಾಕಿ, ಹೊಸದು ತಗೊಳ್ರೀ."

ಕೂತ ಮೊದಲ ದಿನವೇ ಬಳ್ಳಿಗಾವಿ ಕಡೆಯ ರೈತರೊಬ್ಬರು ಎತ್ತಿನಗಾಡಿ ಮೇಲೆ ಇಡೀ ಪಂಪ್‌ಸೆಟ್ಟನ್ನೇ ಹೇರಿಕೊಂಡು ಬಂದರು. ನಾನು ನೋಡಿ ದಂಗಾದೆ. ನೀರು ಎತ್ತುತ್ತಿಲ್ಲವಂತೆ. ಕೂತಲ್ಲಿಂದಲೇ ಕಣ್ಣಾಡಿಸಿದೆ, ಎಲ್ಲಾ ಇತ್ತು, ನೀರು ಎಳೆಯೋ ಪೈಪಿನ ತುದಿಯ ಫುಟ್‌ವಾಲ್ವ್ ಮಾತ್ರ ಕಾಣಲಿಲ್ಲ. "ಅದೆಲ್ಲಿ?" ಅಂದೆ. "ಅದು ಬಾವ್ಯಾಗೇ ಐತ್ರಿ. ಕಸ ಕಟ್ಟಿಕೊಂಡು ಕೈಗೆ ಬರ್ಲಿಲ್ಲ, ಅದನ್ನೊಂದು ಬಿಟ್ಟು ಎಲ್ಲಾ ತಂದೀನಿ!" ಅಂದರು.

ಇರಲಿ. ನಾನು ಹೇಳಬೇಕು ಅಂತ ಹೊರಟಿದ್ದು ಸೊರಬದ ಗಿರಣಿಯ ವಿಷಯ. ಅಲ್ಲೊಬ್ಬ ಸಾಹೇಬರ ಹಿಟ್ಟಿನ ಗಿರಣಿ. ಇಂಜಿನ್ ಅವರ ತಂದೆ ತಂದು ಕೂರಿಸಿದ್ದು, ಇಡೀ ಮನೆ ಅದರ ಮೇಲೇ ನಿಂತಿತ್ತು. ಅದು ಮಹಾನವಮಿ ಮುಗಿದ ಮೇಲೆ ಕೆಟ್ಟಿತು. ಸೊರಬದ ಮೇಸ್ತ್ರಿ ಬಂದು ನೋಡಿದರೆ, ಅವನು ಇದ್ದಷ್ಟು ಹೊತ್ತು ನೆಟ್ಟಗೆ ನಡೆಯೋದು, ಅವನು ಬೀದಿ ತಿರುಗಿದ ಕೂಡಲೇ ನಿಲ್ಲೋದು. ದೀಪಾವಳಿ ಮುಗಿದ ಮೊದಲ ಸಂತೆ ದಿನ ದಾವಣಗೆರೆಯ ಗುಜರಿಯವನು ಲಾರಿ ತಂದು ಇಂಜಿನ್ ಎತ್ತಿಕೊಂಡು ಹೋಗೋದು ಅಂತ ಮಾತಾಗಿತ್ತು. ಅಷ್ಟರೊಳಗೆ ಸರಿಹೋದರೆ ಗಿರಣಿ, ಇಲ್ಲದಿದ್ದರೆ ಗುಜರಿ.

ಭಾವಮೈದ

ಮೊದಲು ಬಂದವನು ಸಾಹೇಬರ ಭಾವಮೈದ. ಬಿಸಿಲಲ್ಲಿ ಬೆವೆತು ಬಂದು ಎದುರಿಗೆ ನಿಂತ.

"ಇಂಜಿನ್ ಕೆಟ್ಟಿದೆ, ಯಾಕೆ ಹೇಳ್ರೀ."

"ಯಾವ ಇಂಜಿನ್ನಪ್ಪಾ?"

"ನಮ್ದು."

"ಏನಾಗತ್ತೆ?"

"ಏನೂ ಆಗಲ್ಲ. ಅದಕ್ಕೇ ಬಂದಿದ್ದು."

"ಶಬ್ದ ಹೆಂಗೆ ಬರತ್ತೆ? ಹೊಗೆ ಕಪ್ಪೋ, ಬಿಳಿಯೋ? ಯಾವಾಗಿಂದ ಹಿಂಗೆ?"

ಅವನಿಗೆ ಸಿಟ್ಟು ಬಂತು. "ಏನ್ರೀ ಇದು, ಮೇಸ್ತ್ರಿ ನೀವೋ ನಾನೋ? ಬಂದಾಗಿಂದ ನನ್ನನ್ನೇ ಕೇಳ್ತಾ ಇದೀರಲ್ಲ!"

"ಹೊಸದು ತಗೊಳ್ರೀ" ಅಂತ ಸೈಕಲ್ ಶಾಪಿನವನು ಸಂದು ನೋಡಿ ತನ್ನ ಮಾತು ತೂರಿಸಿದ. ಭಾವಮೈದ ಇಬ್ಬರಿಗೂ ಕೈ ಬೀಸಿ ಬಸ್ ಸ್ಟ್ಯಾಂಡ್ ಕಡೆ ಹೊರಟೇಬಿಟ್ಟ. ನಾನು ಆ ಧೈರ್ಯಕ್ಕೆ ಬೆರಗಾದೆ. ಸೊರಬದಿಂದ ಶಿಕಾರಿಪುರಕ್ಕೆ ಬರೋದು ಅಂದರೆ ಅರ್ಧ ದಿನದ ಕೆಲಸ, ಅಷ್ಟು ದೂರ ಬಂದು ಏನನ್ನೂ ಹೇಳದೆ ಹೋಗೋಕೂ ಗುಂಡಿಗೆ ಬೇಕು. ಬಸ್ಸು ನಮ್ಮ ಅಂಗಡಿ ಮುಂದೇ ಹಾದುಹೋಯ್ತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿದ: "ಮೇಸ್ತ್ರೀ, ಹೇಳೋದು ಮರೆತೆ! ಅದು ಸ್ಟಾರ್ಟ್ ಆಗ್ತದೆ!"

ಗೊತ್ತಿರೋರೊಬ್ಬರು

ಆಮೇಲೆ ಬಂದವರು ಸಾಹೇಬರ ಚಿಕ್ಕಪ್ಪ. ಇಸ್ತ್ರಿ ಶೇರ್ವಾನಿ, ಅತ್ತರಿನ ಘಮ. ಸಲಾಂ ಹೇಳಿ, ನನ್ನ ಕಾಲು, ಮನೆ, ಮಕ್ಕಳು ಎಲ್ಲಾ ವಿಚಾರಿಸಿ, ನಿಧಾನಕ್ಕೆ ಶುರು ಮಾಡಿದರು.

"ನಮಗೆ ಗೊತ್ತಿರೋರೊಬ್ಬರಿದ್ದಾರೆ. ಅವರಿಗೆ ಇಂಜಿನ್ನಿನ ಪಿಸ್ಟನ್ ಹೊರಗೆ ತೆಗೆಯೋದು ಹೇಗೆ ಅಂತ ಬೇಕಿತ್ತು."

ಗಿರಣಿ ನಿಂತಿದೆ ಅನ್ನೋದು ಊರಿಗೆ ಗೊತ್ತಾದರೆ ಗಿರಾಕಿ ಬೇರೆ ಕಡೆ ಹೋಗ್ತಾರೆ ಅನ್ನೋ ಭಯ ಅವರಿಗೆ. ನಾನೂ ಗೊತ್ತಿಲ್ಲದವನ ಹಾಗೇ ಇದ್ದೆ. ಅವರು ಅಷ್ಟು ಚಂದ ಕೇಳಿದ್ದಕ್ಕೆ ನಾನೂ ಅಷ್ಟೇ ಚಂದ ಹೇಳಿಕೊಟ್ಟೆ. ಹೆಡ್ ಬಿಚ್ಚೋದು, ರಾಡ್ ಸಡಿಲಿಸೋದು, ರಿಂಗ್ ಮುರಿಯದ ಹಾಗೆ ಎಳೆಯೋದು. ಅವರು ಕಣ್ಣು ಮಿಟುಕಿಸದೆ ಕೇಳಿದರು. ಚಹಾ ಬಂತು, ಮುಗೀತು, ಮತ್ತೆ ಬಂತು. ಎದ್ದು ಹೊರಡೋ ಹೊತ್ತಿಗೆ ನನಗೆ ಹೊಳೀತು.

"ಅಂದಹಾಗೆ ಪಿಸ್ಟನ್ ಯಾಕೆ ತೆಗೀಬೇಕು? ಏನಾಗಿದೆ ಅವರ ಇಂಜಿನ್ನಿಗೆ?"

"ಕಾಲು ಗಂಟೆ ಓಡ್ತದೆ, ನಿಲ್ತದೆ."

"ಅಯ್ಯೋ ದೇವರೇ! ಅದಕ್ಕೆ ಪಿಸ್ಟನ್ ಯಾಕೆ ಕಾರಣ ಆಗತ್ತೆ? ಬೇರೆ ಏನೇನೋ ಇರಬಹುದು. ಪಿಸ್ಟನ್ ಅಂತ ಹೇಳಿದ್ದು ಯಾರು?"

ಚಿಕ್ಕಪ್ಪ ಸ್ವಲ್ಪ ಹತ್ತಿರ ಬಗ್ಗಿ, ಗುಟ್ಟು ಹೇಳೋ ಹಾಗೆ ಅಂದರು: "ಯಾರೂ ಹೇಳಿಲ್ಲ. ನಮ್ಮ... ಅವರ ಹತ್ತಿರ ಅದನ್ನು ಬಿಚ್ಚೋ ಪಾನಾ ಒಂದೇ ಇರೋದು."

ಉಳಿದ ಬೋಲ್ಟು

ದೀಪಾವಳಿ ಹತ್ತಿರ ಬರ್ತಿತ್ತು. ಸಾಹೇಬರೇ ಬಂದರು. ಕಣ್ಣು ಕೆಂಪಗೆ, ಕೈಯೆಲ್ಲಾ ಗ್ರೀಸು.

"ಕಾಲು ಗಂಟೆ ಓಡ್ತಿದ್ದದ್ದು ಈಗ ಐದು ನಿಮಿಷಕ್ಕೆ ಬಂದಿದೆ ಮೇಸ್ತ್ರಿ."

"ಏನು ಮಾಡಿದ್ರಿ?"

"ನಾಲ್ಕು ಕಡೆ ಕೇಳಿದೆ. ನಮ್ಮೂರ ಮೇಸ್ತ್ರಿ ನಾಝಲ್ ಬಿಗಿ ಮಾಡಿ ಅಂದ. ಶಿರಾಳಕೊಪ್ಪದವನು ಸಡಿಲ ಮಾಡಿ ಅಂದ."

"ನೀವು ಯಾರ ಮಾತು ಕೇಳಿದ್ರಿ?"

"ಇಬ್ಬರೂ ದೊಡ್ಡವರು ಮಾರಾಯ್ರೇ, ಒಬ್ಬರ ಮಾತು ತೆಗೆದುಹಾಕೋಕಾಗ್ತದಾ? ಬೆಳಿಗ್ಗೆ ಬಿಗಿ ಮಾಡಿದ್ವಿ, ಮಧ್ಯಾಹ್ನ ಸಡಿಲ ಮಾಡಿದ್ವಿ."

ಇಂಥ ಮರ್ಯಾದಸ್ಥ ಮನುಷ್ಯನನ್ನು ನಾನು ಕಂಡಿರಲಿಲ್ಲ. ನಗು ಬಂತು, ತಡಕೊಂಡೆ. "ಅಪ್ಪ ಹೋಗೋವಾಗ ನನ್ನ ಕೈ ಹಿಡಿದು ಬೇರೆ ಏನೂ ಹೇಳಲಿಲ್ಲ. ಇಂಜಿನ್ ನೋಡ್ಕೋ ಅಂದರು, ಅಷ್ಟೇ" ಅಂದು ಸಾಹೇಬರು ಆ ಕಡೆ ಮುಖ ಮಾಡಿ ನಿಂತರು. ಸೈಕಲ್ ಶಾಪಿನವನು ಕೂಡ ಆ ಹೊತ್ತಿಗೆ ಹೊಸದು ತಗೊಳ್ರೀ ಅನ್ನಲಿಲ್ಲ.

ನಾನು ಅಂದೆ, "ಸಾಹೇಬ್ರೇ, ಇನ್ನು ಯಾರನ್ನೂ ಕೇಳಬೇಡಿ. ನನ್ನನ್ನೂ ಸೇರಿಸಿ. ಮೊದಲು ಎಲ್ಲಾ ಹೆಂಗಿತ್ತೋ ಹಂಗೇ ಮಾಡಿ." ನಾಝಲ್ ಎಷ್ಟು ಸುತ್ತು, ಯಾವ ನಟ್ಟು ಎಲ್ಲಿ, ಎಲ್ಲಾ ಬಿಡಿಸಿ ಹೇಳಿದೆ. ತಲೆ ಅಲ್ಲಾಡಿಸಿ ಕೇಳಿಕೊಂಡರು. ಕೊನೆಗೆ ಜೇಬಿನಿಂದ ಒಂದು ಬೋಲ್ಟು ತೆಗೆದು ನನ್ನ ಅಂಗೈಲಿಟ್ಟರು.

"ಇದೊಂದು ಉಳಿದುಬಿಟ್ಟಿದೆ. ಎರಡು ದಿನದಿಂದ ಇಂಜಿನ್ ತುಂಬಾ ಹುಡುಕ್ತಿದೀನಿ, ಇದರ ಜಾಗ ಸಿಗ್ತಿಲ್ಲ."

ತಿರುಗಿಸಿ ತಿರುಗಿಸಿ ನೋಡಿದೆ, ನನಗೂ ಗೊತ್ತಾಗಲಿಲ್ಲ. ಸೈಕಲ್ ಶಾಪಿನವನು ಇಸಕೊಂಡು ಒಂದೇ ಸಲ ನೋಡಿ, "ಇದು ಸೈಕಲ್ ಸೀಟಿಂದು" ಅಂದ.

ಸಾಹೇಬರು ಹಣೆ ಹಣೆ ಚಚ್ಚಿಕೊಂಡರು. "ಅದಕ್ಕೇ ನಮ್ಮ ಭಾವಮೈದ ಎರಡು ದಿನದಿಂದ ನಿಂತ್ಕೊಂಡೇ ಸೈಕಲ್ ಹೊಡೀತಿದಾನೆ!"

ಅಮ್ಮ

ಹಬ್ಬಕ್ಕೆ ಇನ್ನೇನು ಎರಡು ಮೂರು ದಿನ ಅನ್ನೋವಾಗ ಸಾಹೇಬರ ತಾಯಿ ಬಂದರು. ಬಿಳೀ ಸೆರಗು ತಲೆ ಮೇಲೆ, ಕೈಲಿ ಕೊಡೆ. ಸೀದಾ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. ನಾನು ಅದೇ ತಾನೇ ಊಟ ಮುಗಿಸಿ ಎಲೆಅಡಿಕೆ ಹಾಕಿ, ಬಾಯಿ ತುಂಬಾ ತುಂಬಿಕೊಂಡು ಕೂತಿದ್ದೆ. ಉಗುಳೋಣ ಅಂದರೆ ಮೋರಿ ಆಚೆ ಇದೆ, ಕಾಲು ಕಟ್ಟಿದೆ. ದೊಡ್ಡವರ ಎದುರಿಗೆ ಕೂತಲ್ಲೇ ಉಗುಳೋಕಾಗತ್ತಾ? "ಹ್ಞೂಂ" ಅಂತ ತಲೆ ಆಡಿಸಿ ಕೈ ಮುಗಿದೆ.

"ಮೇಸ್ತ್ರಿ, ನಂಗೆ ಇಂಜಿನ್ ತಿಳಿಯಲ್ಲ. ಕಂಡದ್ದನ್ನ ಕಂಡಂಗೆ ಮೊದಲಿಂದ ಹೇಳ್ತೀನಿ. ಮಹಾನವಮಿ ಹಿಂದಿನ ದಿನದ ತನಕ ಅದು ಬೆಳಗಿಂದ ಸಂಜೆ ತನಕ ಓಡ್ತಿತ್ತು. ಹಬ್ಬಕ್ಕೆ ಅಂತ ನನ್ನ ಮಗ ಅದಕ್ಕೆ ಹಸಿರು ಬಣ್ಣ ಹೊಡೆಸಿದ. ಗಿರಣಿ ನಡೆಸೋ ನಮ್ಮ ಗೌಡ ಪ್ರತಿ ವರ್ಷ ಆಯುಧಪೂಜೆ ಮಾಡ್ತಾನೆ. ಪೂಜೆ ಅವನದು, ತೆಂಗಿನಕಾಯಿ ನಮ್ಮದು. ಯಾವಾಗಲೂ ಇಂಜಿನ್ ಮೈಮೇಲೆ ವಿಭೂತಿ ಎಳೀತಿದ್ದ. ಈ ಸಲ ಹೊಸ ಬಣ್ಣ ಕೆಡಬಾರದು ಅಂತ, ಡೀಸೆಲ್ ಟ್ಯಾಂಕಿನ ಮುಚ್ಚಳದ ಮೇಲೆ ಗಂಧ ಮೆತ್ತಿ ಕುಂಕುಮ ಇಟ್ಟ."

ನನ್ನ ಕಿವಿ ನೆಟ್ಟಗಾಯ್ತು. ಇಷ್ಟು ದಿನದಲ್ಲಿ ಈ ಮಾತನ್ನು ಒಬ್ಬರೂ ಹೇಳಿರಲಿಲ್ಲ. "ಊಂ! ಊಂ!" ಅಂತ ಕೈ ಎತ್ತಿದೆ.

"ತಡೀರಿ, ಇನ್ನೂ ಇದೆ. ಇಂಜಿನ್ ನಡುಗಿದರೆ ಬೊಟ್ಟು ಉದುರೀತು ಅಂತ ಗಂಧಕ್ಕೆ ಒಂದಿಷ್ಟು ಮೈದಾ ಕಲಸಿದ. ಅದು ಒಣಗಿ ಸಿಮೆಂಟ್ ಆಗಿದೆ. ದೇವರದು ಅಂತ ನಾವ್ಯಾರೂ ಮುಟ್ಟಲಿಲ್ಲ. ಮಾರನೇ ದಿನದಿಂದ ಕಾಲು ಗಂಟೆ ಓಡಿ ನಿಲ್ತದೆ. ಡೀಸೆಲ್ ಮುಗೀತೇನೋ ಅಂತ ಮುಚ್ಚಳ ತೆಗೆದರೆ ಟ್ಯಾಂಕ್ ತುಂಬಾ ಇದೆ. ಮುಚ್ಚಿ ತಿರುಗಿಸಿದರೆ ಮತ್ತೆ ಓಡ್ತದೆ. ಮತ್ತೆ ಕಾಲು ಗಂಟೆಗೆ ಅದೇ ಕಥೆ."

ಅಬ್ಬಾ! ಎಂಥಾ ವಿವರಣೆ ಅಂತೀರಿ. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ, ಹಿಂದಿನದು ಹಿಂದೆ, ಮುಂದಿನದು ಮುಂದೆ. ಇಂಜಿನ್ ನನ್ನ ಕಣ್ಣೆದುರಿಗೇ ಬಂದು ನಿಂತಂಗಾಯ್ತು. ನನಗೆ ಉತ್ತರ ಗಂಟಲಿಗೆ ಬಂದಿತ್ತು, ಆದರೆ ಅಲ್ಲಿಂದ ಮುಂದೆ ಎಲೆಅಡಿಕೆ ಇತ್ತಲ್ಲ! ಸೈಕಲ್ ಶಾಪಿನವನು ಸುತ್ತಿಗೆ ಕೆಳಗಿಟ್ಟು ಬಾಯಿ ತೆರೆದುಕೊಂಡು ಕೇಳ್ತಿದ್ದ.

"ಮುಚ್ಚಳ ತೆಗೆದ ಕೂಡಲೇ ಒಳಗೆ ಸುಯ್ ಅಂತ ಗಾಳಿ ಎಳ್ಕೊಳ್ತದೆ. ಅಡಿಗೆ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಬೀಳಲ್ಲ ನೋಡಿ, ಗಾಳಿ ಹೋಗೋಕೆ ಅಂತ ಇನ್ನೊಂದು ತೂತು..."

ಅಮ್ಮ ಅಲ್ಲಿಗೇ ನಿಲ್ಲಿಸಿದರು. ಕೊಡೆ ಕೈಯಿಂದ ಜಾರಿತು.

"ಆ ಮುಚ್ಚಳದ ನೆತ್ತಿ ಮೇಲೆ ಸೂಜಿಯಷ್ಟು ತೂತಿತ್ತು ಮೇಸ್ತ್ರಿ! ನಾನೇ ಒರೆಸ್ತಿದ್ದೆ. ಯಾ ಅಲ್ಲಾ! ಅದರ ಮೇಲೇ ಬೊಟ್ಟು ಇಟ್ಟಿದಾನೆ! ಉಸಿರು ಕಟ್ಟಿ ನಿಲ್ತಿದೆ ಅದು!"

ನಾನು ಜೋರಾಗಿ ತಲೆ ಆಡಿಸಿದೆ. "ಬಹಳ ಉಪಕಾರ ಆಯ್ತು, ಬಸ್ ಹೋಗ್ತದೆ" ಅಂದು ಕೊಡೆ ಎತ್ತಿಕೊಂಡು ಓಡು ನಡಿಗೆಯಲ್ಲಿ ಹೊರಟೇಬಿಟ್ಟರು.

ಸೈಕಲ್ ಶಾಪಿನವನು ಸುತ್ತಿಗೆ ಎತ್ತಿಕೊಂಡು ಕೇಳಿದ: "ಏನು ಕೇಳೋಕೆ ಬಂದಿದ್ದರಂತೆ ಅವರು?"

ದೀಪಾವಳಿ ಆಯ್ತು. ನನಗೆ ಹೋಳಿಗೆ ರುಚಿಸಲಿಲ್ಲ. ಸಂತೆ ದಿನವೂ ಕಳೀತು. ಇಂಜಿನ್ ಉಳೀತೋ, ಲಾರಿ ಹತ್ತಿತೋ ಗೊತ್ತಿಲ್ಲ. ಕೇಳಿ ಹೋದವರು ಸರಿಹೋಯ್ತು ಅಂತ ಹೇಳೋಕೆ ವಾಪಸ್ ಬಂದ ಉದಾಹರಣೆ ನನ್ನ ಅಂಗಡಿಯಲ್ಲಿ ಇಲ್ಲವೇ ಇಲ್ಲ. ಅಂಥದ್ದರಲ್ಲಿ ಎರಡು ದಿನ ಬಿಟ್ಟು ಅಮ್ಮ ಬಸ್ಸಿಳಿದು ಬರ್ತಿದ್ದಾರೆ! ಬರೀ ಹೇಳೋಕೆ ಅಂತಲೇ ಸೊರಬದಿಂದ ಬಂದಿದ್ದರು. ನನ್ನ ಕಣ್ಣು ತುಂಬಿಬಂತು, ಸುಳ್ಳು ಯಾಕೆ ಹೇಳಲಿ.

"ಗೌಡನೇ ಬಿಸಿನೀರಲ್ಲಿ ನೆನೆಸಿ ಬೊಟ್ಟು ತೆಗೆದ. ಅವತ್ತಿಂದ ನಿಂತಿಲ್ಲ" ಅಂದರು.

"ಗುಜರಿಯವನು ಬರಲಿಲ್ವಾ?"

"ಬಂದ. ಲಾರಿ, ಹಗ್ಗ, ಹಮಾಲರು, ಎಲ್ಲಾ ತಂದಿದ್ದ. ಇಂಜಿನ್ ಓಡ್ತಿತ್ತು. ಕಾಲು ಗಂಟೆಗೆ ನಿಲ್ತದೆ ಅಂತ ಅವನಿಗೆ ಯಾರೋ ಹೇಳಿದ್ದರಲ್ಲ, ನಿಂತ ಮೇಲೆ ಎತ್ತೋಣ ಅಂತ ಎಲ್ಲರನ್ನೂ ಕೂರಿಸಿದ. ಚಹಾ ಕೊಟ್ವಿ. ಊಟ ಕೊಟ್ವಿ. ಮತ್ತೆ ಚಹಾ ಕೊಟ್ವಿ. ಸಂಜೆ ಆಯ್ತು. ಖಾಲಿ ಲಾರಿ ತಗೊಂಡು ಹೋದರೆ ಮನೇಲಿ ಬೈತಾರೆ ಅಂತ, ಸಂತೇಲಿ ಒಂದು ಚೀಲ ಜೋಳ ಕೊಂಡು, ಅದೇ ಇಂಜಿನ್ನಲ್ಲಿ ಬೀಸಿಸಿಕೊಂಡು ಹೋದ."

ನಾವು ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಊರಲ್ಲೆಲ್ಲಾ ನಿಮ್ಮ ಹೆಸರೇ ಹೇಳಿದೀನಿ" ಅಂದರು.

"ನಾನೇನು ಮಾಡಿದೆ ಅಮ್ಮಾ? ಬಾಯೇ ಬಿಡಲಿಲ್ಲವಲ್ಲ!"

"ಅದೇ ಮತ್ತೆ! ನಂಗೆ ಮದುವೆಯಾಗಿ, ಮಕ್ಕಳಾಗಿ, ಮೊಮ್ಮಕ್ಕಳಾದರು. ಇಷ್ಟು ವರ್ಷದಲ್ಲಿ ನಡುವೆ ಬಾಯಿ ಹಾಕದೆ ನನ್ನ ಮಾತು ಪೂರ್ತಿ ಕೇಳಿದ ಗಂಡಸು ಅಂದರೆ ನೀವೊಬ್ಬರೇ."

ಸೈಕಲ್ ಶಾಪಿನವನು "ಅಮ್ಮಾ, ಅವತ್ತು ಇವರ ಬಾಯಲ್ಲಿ..." ಅಂತ ಶುರು ಮಾಡಿದ. ನಾನು ಎಲೆಅಡಿಕೆ ಪೆಟ್ಟಿಗೆಗೆ ಕೈ ಹಾಕಿ, ಇದ್ದಷ್ಟನ್ನೂ ಬಾಚಿ ಅವನ ಬಾಯಿಗೆ ತುರುಕಿದೆ.