‘ಪುಟ್’ ಶಬ್ದದ ನೆಂಟರು

ಆಮಂತ್ರಣ ಪತ್ರಿಕೆಯಲ್ಲಿ ಎಲ್ಲವೂ ಸರಿಯಾಗಿತ್ತು, ‘ಸಪತ್ನೀಕರಾಗಿ’ ಎಂಬ ಒಂದು ಶಬ್ದ ಬಿಟ್ಟು. ಸತ್ಯಾನಂದ ಮಾಸ್ತರರು ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಶಬ್ದ ಅಲ್ಲೇ ಕೂತಿತ್ತು. ಹಳೆಯ ವಿದ್ಯಾರ್ಥಿಗಳು ಗುರುವಂದನೆ ಮಾಡುತ್ತೇವೆಂದರೆ ಒಲ್ಲೆ ಎನ್ನಲು ಅವರೇನು ಸಂನ್ಯಾಸಿಯೇ? ಶಾಲು ಬೇಕು, ಹಾರ ಬೇಕು, ಫಳಾರದ ಪೊಟ್ಟಣವೂ ಬೇಕು. ಹೆಂಡತಿ ಪ್ರಿಸಿಲ್ಲಾ ಮಾತ್ರ ಆ ಸಭೆಗೆ ಕಾಲಿಡಬಾರದು.

ಕಾರಣವಿತ್ತು. ರಾಯಾಪುರದ ಕಡೆಯ ಒಂದು ಮಿಶನ್ ಶಾಲೆಯಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿದ ಮಾಸ್ತರರಿಗೆ ‘ಪುಟ್’ ಎಂಬ ಶಬ್ದ ಮೊದಲ ವರ್ಷವೇ ನೀರು ಕುಡಿಸಿತ್ತು. ‘ಇಡು’ ಎಂದು ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ. ಬೆನ್ನಿಗೊಂದು ಪುಟಾಣಿ ಶಬ್ದ ಸೇರಿದರೆ ಸಾಕು, ಗುರುತು ಸಿಗದಂತೆ ವೇಷ ಬದಲಿಸುತ್ತಿತ್ತು. ಮಕ್ಕಳು ಉರು ಹೊಡೆದು ಸೋತರು. ಆಗ ಮಾಸ್ತರರು, ಇದೂ ಒಂದು ತುಂಬಿದ ಮನೆಯಿದ್ದಂತೆ, ಎಲ್ಲರೂ ಬಳಗದವರೇ ಎಂದು ಶುರುಮಾಡಿ, ಒಂದೊಂದು ಅರ್ಥಕ್ಕೂ ಹೆಂಡತಿಯ ತವರಿನವರನ್ನೇ ತಂದು ಕರಿಹಲಗೆಯ ಮುಂದೆ ನಿಲ್ಲಿಸಿದರು. (ತಮ್ಮ ಕಡೆಯವರನ್ನು ಯಾಕೆ ತರಲಿಲ್ಲವೆಂದರೆ, ಅವರು ಸಜ್ಜನರು, ಸಜ್ಜನರಿಂದ ಪಾಠ ರಂಗೇರುವುದಿಲ್ಲ.)

‘ಪುಟ್ ಅಪ್’ ಎಂದರೆ ಬಿಡಾರ ಹೂಡುವುದು: ಎರಡು ದಿನಕ್ಕೆಂದು ಬಂದು ಹನ್ನೊಂದು ತಿಂಗಳು ಇದ್ದ ಭಾವಮೈದುನ ನೋಯೆಲ್. ‘ಪುಟ್ ಆಫ್’ ಎಂದರೆ ಮುಂದೂಡುವುದು: ಅಳಿಯನ ಕೈಗಡಿಯಾರವನ್ನು ಈ ಕ್ರಿಸ್‌ಮಸ್‌ಗೆ, ಬರುವ ಈಸ್ಟರ್‌ಗೆ ಎನ್ನುತ್ತಲೇ ಇದ್ದ ಮಾವ. ‘ಪುಟ್ ಔಟ್’ ಎಂದರೆ ಆರಿಸುವುದು: ಅಳಿಯ ಪುಸ್ತಕ ಹಿಡಿದು ಕೂತರೆ ಕರೆಂಟು ದಂಡವೆಂದು ದೀಪ ಆರಿಸುತ್ತಿದ್ದ ಅತ್ತೆ ಎಲಿಜಬೆತ್. ಮಕ್ಕಳು ಒಂದನ್ನೂ ಮರೆಯಲಿಲ್ಲ. ಮೂವತ್ತೆರಡು ಬ್ಯಾಚು ಪ್ರಿಸಿಲ್ಲಾಳ ತವರನ್ನು ಹತ್ತಿ ಇಂಗ್ಲಿಷ್ ಪಾಸಾದವು.

ಈ ಸಂಗತಿ ಪ್ರಿಸಿಲ್ಲಾಗೆ ಮಾತ್ರ ಗೊತ್ತಿರಲಿಲ್ಲ. ತಾಯಿ ತೀರಿ ಹದಿನೆಂಟು ವರ್ಷವಾದರೂ, ಆಕೆಯ ಬಗ್ಗೆ ಯಾರಾದರೂ ಅರ್ಧ ಮಾತು ಆಡಿದರೆ ಪ್ರಿಸಿಲ್ಲಾ ಎರಡು ದಿನ ಊಟ ಬಿಡುವವಳು. ಅದಕ್ಕೇ ಆಕೆಯ ತವರಿನ ಸುದ್ದಿಯನ್ನು ಮಾಸ್ತರರು ಮನೆಯಲ್ಲಿ ಎತ್ತುತ್ತಲೇ ಇರಲಿಲ್ಲ.

ಬಿಸಿಲು ಬಹಳ ಎಂದರು. ಅಲ್ಲಿ ಕುರ್ಚಿ ಕಡಿಮೆ ಎಂದರು. ಹೆಂಡತಿಯ ಮೊಣಕಾಲಿನ ಮೇಲೆ ಹಿಂದೆಂದೂ ಇಲ್ಲದ ಕರುಣೆ ತೋರಿಸಿದರು. ಅಷ್ಟರಲ್ಲಿ ಸೀರೆ ಇಸ್ತ್ರಿಯಾಗಿ ಬಂದಿತ್ತು.

ಸಭೆಯ ಬಾಗಿಲಲ್ಲೇ ಎಡವಟ್ಟಾಯಿತು. ಈಗ ನರ್ಸ್ ಆಗಿರುವ ಹಳೆಯ ವಿದ್ಯಾರ್ಥಿನಿ ಗುಲ್ನಾಜ ಓಡಿ ಬಂದು ಪ್ರಿಸಿಲ್ಲಾಳ ಎರಡೂ ಕೈ ಹಿಡಿದುಕೊಂಡಳು.

“ಬಾಯಾರ, ನೋಯೆಲ್ ಮಾಮಾ ಹ್ಯಾಂಗದಾರ? ಈಗೂ ಎರಡ ದಿನಕ್ಕಂತ ಬಂದು ಕುಂದರ್ತಾರೇನ್ರಿ?”

ಬಾಗಿಲಲ್ಲಿ ಕೊಟ್ಟ ಚಹಾ ಮಾಸ್ತರರ ಕಪ್ಪು-ಬಸಿಯಿಂದ ಅರ್ಧ ಚೆಲ್ಲಿ ಶಾಲಿನ ಪಾಲಾಗಲಿಲ್ಲ, ಯಾಕೆಂದರೆ ಶಾಲು ಇನ್ನೂ ಹೊದಿಸಿರಲಿಲ್ಲ, ಅಂಗಿಯ ಪಾಲಾಯಿತು. ಮುಂದೆ ವೇದಿಕೆಯ ಮೇಲೆ ಇನ್ನೊಬ್ಬ ಹಳೆಯ ವಿದ್ಯಾರ್ಥಿ, ಪೈಪಿನ ಅಂಗಡಿಯ ಹೊಳೆಯಪ್ಪ ಮೈಕು ಹಿಡಿದು, ‘ಪುಟ್’ ಪಾಠದ ಬಳಗವನ್ನೆಲ್ಲ ನೆನೆದು, ಇವತ್ತಿಗೂ ಅಂಗಡಿ ಮುಚ್ಚುವಾಗ ದೀಪ ಆರಿಸಿದರೆ ತನಗೆ ಎಲಿಜಬೆತ್ ಅಜ್ಜಿಯೇ ನೆನಪಾಗುತ್ತಾರೆ ಎಂದ. ಸಭೆಯೆಲ್ಲ ನಕ್ಕಿತು. ಮಾಸ್ತರರು ತಮ್ಮ ಹಾರದ ಹೂ ಎಣಿಸುತ್ತ ಕೂತರು.

ಧೈರ್ಯ ಮಾಡಿ ಪಕ್ಕಕ್ಕೆ ನೋಡಿದಾಗ ಪ್ರಿಸಿಲ್ಲಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ತಪ್ಪಾಯಿತು ಎಂದು ಅವರು ಪಿಸುಗುಟ್ಟಿದರು.

“ಅವ್ವನ ಹೆಸರು ನಮ್ಮನ್ಯಾಗ ಯಾರೂ ತಗಿಯೂದಿಲ್ಲ,” ಎಂದಳು ಆಕೆ. “ಇಲ್ಲಿ ಇಷ್ಟ ಮಂದಿಗೆ ಅಕಿ ಗೊತ್ತದಾಳಲ್ರಿ.”

ದೀಪ ಆರಿಸಿದ ಮೇಲೆ ಅತ್ತೆ ಆ ಕತ್ತಲೆಯಲ್ಲೇ ತಡಕಾಡುತ್ತ ಬಂದು ಕೈಗೆ ಬಿಸಿ ಹಾಲು ಕೊಡುತ್ತಿದ್ದುದನ್ನು ಮಾಸ್ತರರು ಯಾವ ಬ್ಯಾಚಿಗೂ ಹೇಳಿರಲಿಲ್ಲ. ಹೇಳಬೇಕಿತ್ತು ಎನಿಸಿತು.

ಪ್ರಿಸಿಲ್ಲಾ ಅಷ್ಟಕ್ಕೇ ಬಿಡಲಿಲ್ಲ. ಪಾಠದಲ್ಲಿ ಬಳಗದವರೆಲ್ಲ ಇದ್ದಾರೆ, ನಾನೊಬ್ಬಳೇ ಯಾಕಿಲ್ಲ ಎಂದು ಹೊಳೆಯಪ್ಪನನ್ನು ಕೇಳಿದಳು.

“‘ಪುಟ್ ಅಪ್ ವಿತ್’ ಒಂದು ಉಳದಿತ್ರಿ ಬಾಯಾರ. ಸೈರಿಸಿಕೊಂಡು ಹೋಗೂದು ಅಂತ ಅರ್ಥ ಹೇಳಿದ್ರು. ಉದಾಹರಣಿ ಕೇಳಿದ್ರ, ಲಗ್ನಾದ ಮ್ಯಾಲೆ ತಿಳಿತೈತಿ ಅಂದ್ರು ಸರ್.”

ಪ್ರಿಸಿಲ್ಲಾ ಮೈಕು ಕೈಗೆ ತೆಗೆದುಕೊಂಡಳು. “ಹಂಗಾರ ಈಗ ಬರಕೋರಿ. ನಾನು, ನಿಮ್ಮ ಸರ್ ಅವರನ್ನ, ನಲವತ್ತು ವರ್ಷ.”

ಶಾಲಿಗೆ ಬಿದ್ದದ್ದಕ್ಕಿಂತ ದೊಡ್ಡ ಚಪ್ಪಾಳೆ ಅದಕ್ಕೆ ಬಿತ್ತು. ಮಾಸ್ತರರೂ ತಟ್ಟಿದರು, ಬೇರೆ ದಾರಿ ಇರಲಿಲ್ಲ.

ಧಾರವಾಡಕ್ಕೆ ಮರಳಿ ಮನೆ ಮುಟ್ಟುವ ಹೊತ್ತಿಗೆ ಅವರ ಮನಸ್ಸು ಹಗುರಾಗಿತ್ತು. ಇಷ್ಟು ದೊಡ್ಡ ಗುಟ್ಟು ಒಡೆದರೂ ಒಂದು ಜಗಳವಿಲ್ಲ, ಉಪವಾಸವಿಲ್ಲ. ಫಳಾರದ ಪೊಟ್ಟಣ ಬಿಚ್ಚುತ್ತಿದ್ದಾಗ ಪ್ರಿಸಿಲ್ಲಾ ಫೋನು ಕೆಳಗಿಟ್ಟು ಒಳಗಿನಿಂದ ಬಂದಳು. ಮುಖ ಅರಳಿತ್ತು.

“ನೋಯೆಲ್‌ಗ ಹೇಳಿದೆ, ನಿನ್ನ ಎಷ್ಟ ಮಂದಿ ನೆನಸ್ತಾರ ಅಂತ. ಹಿಗ್ಗಿಬಿಟ್ಟ ನೋಡ್ರಿ. ನಾಳೆ ಬರ್ತಾನಂತ, ಎರಡ ದಿನದ ಮಟ್ಟಿಗೆ.”

ಮಾಸ್ತರರು ಸ್ಟೂಲು ಹತ್ತಿ ಅಟ್ಟದಿಂದ ಹಳೆಯ ಗಾದಿ ಇಳಿಸಿದರು, ಧೂಳು ಝಾಡಿಸಿ ಹಾಸಿದರು. ಹನ್ನೊಂದು ತಿಂಗಳು ಮಲಗಿದ್ದವನ ತಗ್ಗು ಅದರಲ್ಲಿ ಇನ್ನೂ ಹಾಗೇ ಇತ್ತು.