ಬೆಲ್ಲದ ಪಾಕ ಮತ್ತು ಲಾವಾ ತೆಗೆಯುವ ಪಪ್ಪ

ಗಂಡಸು ತನ್ನ ಕೆಲಸದ ಬಗ್ಗೆ ಹೆಂಡತಿಯ ಮುಂದೆ ಕೊಚ್ಚಿಕೊಂಡರೆ ಅಪಾಯವಿಲ್ಲ, ಅವಳು ನಂಬುವುದಿಲ್ಲ. ಮಕ್ಕಳ ಮುಂದೆ ಮಾತ್ರ ಕೊಚ್ಚಿಕೊಳ್ಳಬಾರದು. ಬಹರೈನಿನಲ್ಲಿ ನಾವಿದ್ದಾಗ, ಅಲ್ಲಿನ ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಕರಗಿದ ಲೋಹದ ಸ್ಯಾಂಪಲ್ ತೆಗೆಯುವುದು ನನ್ನ ಕೆಲಸವಾಗಿತ್ತು. ಒಂದು ದಿನ ಮಗಳು ರೀನಾಳ ಪುಸ್ತಕದಲ್ಲಿ, ಜ್ವಾಲಾಮುಖಿಯ ಪಕ್ಕ ನಿಂತು ಕಬ್ಬಿಣದ ಸರಳಿನಿಂದ ಲಾವಾ ತೆಗೆಯುವವನ ಚಿತ್ರ ಕಂಡು, "ನಾನೂ ಹೆಚ್ಚುಕಡಿಮೆ ಇದೇ ಮಾಡುದು" ಎಂದುಬಿಟ್ಟೆ. ಅವಳು "ಹೆಚ್ಚುಕಡಿಮೆ"ಯನ್ನು ಮನೆಯಲ್ಲೇ ಬಿಟ್ಟು, ಉಳಿದದ್ದನ್ನು ಇಡೀ ಕ್ಲಾಸಿಗೆ ಸಾರಿದಳು.

ಚಿತ್ರದ ಮನುಷ್ಯ ತೆಗೆದ ಲಾವಾವನ್ನು ನೀರಿನ ಬಕೆಟಿಗೆ ಅದ್ದುತ್ತಿದ್ದ. ಅದೊಂದು ನನಗೆ ಹಿಡಿಸಲಿಲ್ಲ. ನಮ್ಮಲ್ಲಿ ಕರಗಿದ ಲೋಹಕ್ಕೆ ನೀರು ತಾಗಿದರೆ ಸಿಡಿಯುತ್ತದೆ. ಉದ್ದ ಹಿಡಿಯ ಸೌಟನ್ನು ಮೊದಲು ಕಾಯಿಸಿ ಪಸೆ ಆರಿಸಬೇಕು. ಅಚ್ಚನ್ನೂ ಕಾಯಿಸಬೇಕು, ಲೋಹ ಹೊಯ್ದು ತಣಿಯುವವರೆಗೆ ಕಾಯಬೇಕು. ಈ ಚಾಳಿ ಮೈಗೆ ಹತ್ತಿ, ಮನೆಯಲ್ಲಿ ಯಾರಾದರೂ ಒದ್ದೆ ಸೌಟನ್ನು ಸಾರಿಗೆ ಇಳಿಸಿದರೂ ನಾನು ಹಿಂದೆ ಸರಿಯುತ್ತಿದ್ದೆ.

ಶಾಲೆಯಲ್ಲಿ ಎಲ್ಲರೂ ತಮ್ಮ ಊರಿನ ತಿಂಡಿ ತರುವ ದಿನ ಬಂತು. ರೀನಾ ನೆಲಕಡಲೆ ಉಂಡೆ ತರುತ್ತೇನೆಂದು ಮಾತು ಕೊಟ್ಟಿದ್ದಳು. ಹಿಂದಿನ ದಿನ ಮಧ್ಯಾಹ್ನ ಬೆಲ್ಲ ಒಲೆಯ ಮೇಲಿರುವಾಗಲೇ, ನರ್ಸ್ ಆಗಿದ್ದ ನನ್ನ ಹೆಂಡತಿ ಲಿಲ್ಲಿಗೆ ಆಸ್ಪತ್ರೆಯಿಂದ ಕರೆ ಬಂತು. "ಪಾಕ ಒಂದು ಹನಿ ನೀರಿಗೆ ಹಾಕಿ ನೋಡಿ ಮಾರಾಯ್ರೆ. ಉಂಡೆ ಕಟ್ಟಿದ್ರೆ ಕೂಡ್ಲೇ ಇಳಿಸಿ" ಎಂದು ಹೇಳಿ ಹೊರಟಳು.

ನೀರಿಗೆ! ಅದೂ ಲಾವಾ ತೆಗೆಯುವ ನಾನು! ಸೌಟು ಕಾಯಿಸಿದೆ. ಅಚ್ಚಿನ ಬದಲು ಒಂದು ಬಟ್ಟಲು ಕಾಯಿಸಿದೆ. ಪಾಕ ಹೊಯ್ದು, ದೂರ ನಿಂತು, ತಣಿಯಲೆಂದು ಕಾದೆ. ಮೊದಲ ಸ್ಯಾಂಪಲ್ ಇನ್ನೂ ಎಳೆಪಾಕ ಎಂದುಕೊಂಡು ಮತ್ತೊಮ್ಮೆ ಎಲ್ಲ ಕಾಯಿಸಿದೆ. ನಾನು ಹೀಗೆ ಶಾಸ್ತ್ರೋಕ್ತವಾಗಿ ಕಾಯುತ್ತಿರುವಾಗ ಬೆಲ್ಲ ನನಗಾಗಿ ಕಾಯಲಿಲ್ಲ. ಕೊನೆಗೆ ನೆಲಕಡಲೆ ಬೆರೆಸಿ ತಟ್ಟೆಗೆ ಸುರಿದದ್ದನ್ನು ಸುತ್ತಿಗೆಯಿಂದ ಒಡೆಯಬೇಕಾಯಿತು. ಬೇರೆ ದಾರಿ ಕಾಣದೆ ಆ ಕಪ್ಪು ಚೂರುಗಳನ್ನೇ ಡಬ್ಬಿಗೆ ತುಂಬಿ ಕಳಿಸಿದೆ. ಮಗುವಿನ ಮಾನ ಕಳೆದೆನಲ್ಲ ಎಂದು ಮರುದಿನವಿಡೀ ಸಂಕಟಪಟ್ಟೆ.

ಸಂಜೆ ರೀನಾ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಯಾರು ಮಾಡಿದ್ದು ಅಂತ ಟೀಚರ್ ಕೇಳಿದ್ರು. ಮಮ್ಮಿ ಅಂತ ಹೇಳಿದೆ."

"ಅಯ್ಯೋ, ಯಾಕೆ?"

"ಲಾವಾ ತೆಗಿಯುವ ಪಪ್ಪನಿಗೆ ಬೆಲ್ಲ ಕಾಯಿಸ್ಲಿಕ್ಕೆ ಬರುದಿಲ್ಲ ಅಂತ ಹೇಗೆ ಹೇಳುದು ಪಪ್ಪಾ?"

ನನಗೆ ಕಣ್ಣು ತುಂಬಿ ಬಂತು. ಈ ವಿಷಯ ಲಿಲ್ಲಿಗೆ ತಿಳಿಸುವ ಧೈರ್ಯ ಮಾತ್ರ ಬರಲಿಲ್ಲ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಟೀಚರ್ ಅವಳನ್ನು ಪಕ್ಕಕ್ಕೆ ಕರೆದು, ಪಾಕದ ಹದ ನೋಡುವುದು ಹೇಗೆಂದು ಬಹಳ ತಾಳ್ಮೆಯಿಂದ ಹೇಳಿಕೊಟ್ಟರು. ಲಿಲ್ಲಿ ನನ್ನನ್ನೇ ನೋಡುತ್ತ ತಲೆಯಾಡಿಸಿದಳು. ಉರಿಯುವ ಲೋಹದ ಮುಂದೆ ಕದಲದೆ ನಿಲ್ಲುವ ನಾನು, ಗೋಡೆಯ ಭೂಪಟದತ್ತ ತಿರುಗಿ ಬಹರೈನ್ ಎಲ್ಲಿದೆಯೆಂದು ಶ್ರದ್ಧೆಯಿಂದ ಹುಡುಕತೊಡಗಿದೆ.