ಮಕ್ಕಳ ಸಾಲಿನಲ್ಲೊಂದು ಹೆಸರು

ಮನೆಯ ವಿಷಯವನ್ನು ಅಂಗಡಿಗೆ ತರಬಾರದು ಎಂಬುದು ನನ್ನ ನಿಯಮ. ಅದನ್ನು ಪಾಲಿಸಲಾಗದಿರುವುದಕ್ಕೆ ಕಾರಣ ಒಂದೇ: ಶಾಲೆ ಮೂರೂವರೆಗೆ ಬಿಡುತ್ತದೆ, ಚಾಮರಾಜನಗರದ ನನ್ನ ಪ್ರಿಂಟಿಂಗ್ ಅಂಗಡಿ ಎಂಟಕ್ಕೆ ಮುಚ್ಚುತ್ತದೆ. ನಡುವಿನ ಹೊತ್ತು ಒಂದನೇ ತರಗತಿಯ ನನ್ನ ಮಗಳು ಸಿರಿ ಎರಡನೇ ಕಂಪ್ಯೂಟರಿನ ಮುಂದೆ ಕೂತು ತನಗೆ ಬರುವ ಅಕ್ಷರ ಟೈಪ್ ಮಾಡುತ್ತಿರುತ್ತಾಳೆ. ಮನೆಯಲ್ಲಿ ನಾವಿಬ್ಬರೇ. ಯಾಕೆ ಎಂದು ಕೇಳುವ ಗಿರಾಕಿಗಳಿಗೆ ನಾನು ಹೊಸ ಕಾರ್ಡಿನ ಸ್ಯಾಂಪಲ್ ತೋರಿಸುತ್ತೇನೆ.

ಹರದನಹಳ್ಳಿಯ ಮಹದೇವಮ್ಮನವರ ಮಗನ ಲಗ್ನಪತ್ರಿಕೆ ಮಾಡಿದ ದಿನ ಗುಂಡ್ಲುಪೇಟೆಯ ಹೋಟೆಲಿನವರು ಏಳು ಸಲ ಫೋನ್ ಮಾಡಿದ್ದರು. ಅವರಿಗೆ ಮೆನು ಕಾರ್ಡು ಕನ್ನಡ, ಇಂಗ್ಲಿಷ್, ಮಲಯಾಳ ಮೂರರಲ್ಲೂ ಬೇಕು, ಅದೂ ನಾಳೆಯೇ. ಅದರ ನಡುವೆಯೇ ಎರಡನೇ ಕಂಪ್ಯೂಟರಿನಲ್ಲಿದ್ದ ಲಗ್ನಪತ್ರಿಕೆಯ ಪ್ರೂಫ್ ನೋಡಿದೆ. ಮುಹೂರ್ತ ಸರಿ, ಛತ್ರ ಸರಿ, ದೊಡ್ಡಪ್ಪಂದಿರ ಹೆಸರಿನ ಹಿಂದುಮುಂದೂ ಸರಿ. ಕಡೆಗೆ 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಎಂದು ಮಕ್ಕಳ ಹೆಸರು ಹಾಕುವ ಸಾಲೊಂದು ಇರುತ್ತದಲ್ಲ, ಅದನ್ನು ಆ ಮಕ್ಕಳ ತಾಯಂದಿರು ಬಿಟ್ಟರೆ ಯಾರೂ ಓದುವುದಿಲ್ಲ. ನಾನೂ ಓದಲಿಲ್ಲ.

ನಾಲ್ಕನೇ ದಿನ ಮಹದೇವಮ್ಮ ಕಾರ್ಡು ಹಿಡಿದು ಬಂದರು. "ಅಲ್ಲ ಕಣವ್ವಾ, ಯಾರವ್ವ ಈ ಸಿರಿ? ಎರಡೇ ಮೊಮ್ಮಕ್ಕಳು ಅಂದಿದ್ರಲ್ಲ, ಮೂರನೇದು ಯಾರ್ದು ಅಂತ ಬೀಗ್ರು ಕೇಳ್ತಾವ್ರೆ. ಮದ್ವೆ ಉಡುಗಿ ನನ್ ಮಗನ ಫೋನೇ ಎತ್ತಾಕಿಲ್ಲ ಅಂತಾಳೆ. ಮುನ್ನೂರು ಕಾರ್ಡು ಅಂಚ್ಬುಟ್ಟಿವಿ, ಈಗ ನಾನೇನ್ ಏಳನ?"

ನನ್ನ ಅಂಗಡಿಯಿಂದ ಒಂದು ಮದುವೆಯೇ ನಿಲ್ಲುವುದರಲ್ಲಿತ್ತು. ಕ್ಷಮೆ ಕೇಳಲು ಅಚ್ಚುಕಟ್ಟಾದ ವಾಕ್ಯವೊಂದನ್ನು ಜೋಡಿಸುತ್ತಿರುವಾಗಲೇ ಎರಡನೇ ಕಂಪ್ಯೂಟರಿನ ಹಿಂದಿನಿಂದ ದನಿ ಬಂತು: "ನಾನೇ ಅಜ್ಜಿ. ನಂಗೆ ಮಾಮ ಇಲ್ಲ, ಅದಕ್ಕೆ ಹಾಕ್ಕೊಂಡೆ."

ಮಹದೇವಮ್ಮ ಅವಳನ್ನೂ ನೋಡಿದರು, ನನ್ನನ್ನೂ ನೋಡಿದರು. ಬೇರೆ ಯಾರೇ ಆಗಿದ್ದರೂ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತು. ಅವರು ಅದನ್ನು ಕೇಳಲಿಲ್ಲ. ಅಲ್ಲೇ ನಿಂತು ಬೀಗರಿಗೆ ಫೋನ್ ಹಚ್ಚಿದರು. "ಊ ಕಣಿ, ಪ್ರೆಸ್ಸಿನವ್ವನ ಮಗು. ಮಾಮ ಇಲ್ಲ ಅಂತ ನನ್ ಮಗನ್ನೇ ಮಾಮ ಮಾಡ್ಕಬುಟ್ಟದೆ!" ಆ ಕಡೆಯ ನಗು ನನಗೂ ಕೇಳಿಸಿತು. ಆಮೇಲೆ ಸಿರಿಯ ಕಡೆ ತಿರುಗಿ, "ಕಾರ್ಡಲ್ಲಿ ಎಸರಾಕಿಸ್ಕಂಡು ಮನೇಲಿ ಕೂತ್ಕಂಡೀಯ? ಬಂದು ಬಾಗಿಲಲ್ಲಿ ನಿಂತು ಜನ ಕರೀಬೇಕು ಕಣಮ್ಮಿ," ಎಂದು ತಾಕೀತು ಮಾಡಿ ಹೋದರು.

ನೂರಾರು ಮದುವೆಗಳಿಗೆ ಊರನ್ನೆಲ್ಲ ಕರೆದ ನಾನು ಒಂದು ಮದುವೆಗೂ ಹೋದವಳಲ್ಲ. ಮಹದೇವಮ್ಮನವರ ಮಗನ ಮದುವೆಯ ದಿನ ಮಾತ್ರ, ಸಿರಿಯನ್ನು ಮುಂದೆ ಕಳಿಸಿ, ಗಾಡಿ ನಿಲ್ಲಿಸಿ ಸ್ವಲ್ಪ ತಡವಾಗಿ ಛತ್ರದ ಬಾಗಿಲಿಗೆ ಬಂದೆ. ಮಹದೇವಮ್ಮ ಮುಡಿಸಿದ ಮೊಳ ಮಲ್ಲಿಗೆಯ ಭಾರಕ್ಕೆ ತಲೆ ವಾಲಿಸಿಕೊಂಡು ನನ್ನ ಮಗಳು ಪನ್ನೀರು ಚಿಮುಕಿಸುತ್ತಿದ್ದಳು. ನನ್ನ ಮುಖಕ್ಕೂ ಚಿಮುಕಿಸಿ, ಎಲ್ಲರನ್ನೂ ಕೇಳುವ ಹಾಗೆಯೇ ನನ್ನನ್ನೂ ಕೇಳಿದಳು: "ಬನ್ನಿ ಬನ್ನಿ, ನೀವು ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?"

"ನಿನ್ನ ಕಡೆಯವಳು ಕಣೇ," ಎಂದೆ. ಒಂದು ಗಳಿಗೆ ಯೋಚಿಸಿ, ಒಳಗೆ ಬಿಟ್ಟಳು.